ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ಬೋರ್ ನೀರು ಟೀ ಬಣ್ಣಕ್ಕೆ ತಿರುಗಿತು, ಯಾಕೆ?

ಪ್ರಶ್ನೆ: ಸರ್, ನಮ್ಮದು ಸಂಡೂರು ತಾಲೂಕಿನ ಒಂದು ಹಳ್ಳಿ. ಎರಡು ವರ್ಷದ ಹಿಂದೆ 420 ಅಡಿ ಬೋರ್ ಕೊರೆಸಿದೆವು. ನೀರು ಕನ್ನಡಿಯ ಹಾಗೆ ಬರುತ್ತದೆ. ಮೊದಲ ಏಳೆಂಟು ತಿಂಗಳು ಏನೂ ತೊಂದರೆ ಇರಲಿಲ್ಲ. ಆಮೇಲೆ ಮೇಲಿನ ಟ್ಯಾಂಕಿನ ಒಳಗೆ ಮಸಿ ಬಳಿದಂತೆ ಕಪ್ಪು ಪದರ ಕಟ್ಟತೊಡಗಿತು. ಗೀಸರಿನ ನಲ್ಲಿ ತಿರುಗಿಸಿದರೆ ಕಪ್ಪು ಚೂರು ಉದುರುತ್ತವೆ. ಮೊಮ್ಮಕ್ಕಳ ಬಿಳಿ ಯೂನಿಫಾರಂ ಮೇಲೆಲ್ಲ ಕಂದು ಕಲೆ. ಹೋದ ತಿಂಗಳು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದೆ. ಬೆಳಗ್ಗೆ ನೋಡಿದರೆ ನೀರೆಲ್ಲ ಹಾಲಿಲ್ಲದ ಟೀ ಹಾಗೆ! ಪಕ್ಕದ ಮನೆಯವರು ಇದು ಕಬ್ಬಿಣದ ನೀರು, ಕುಡಿದರೆ ರಕ್ತ ಜಾಸ್ತಿ ಆಗುತ್ತೆ ಅಂತಾರೆ. ನಮ್ಮ ಭಾವ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹರಳು ತಂದು, ನೀರು ಗುಲಾಬಿ ಆಗುವವರೆಗೆ ಹಾಕಿ, ಶುದ್ಧ ಆಗುತ್ತೆ ಅಂದರು. ಪ್ಲಂಬರ್ ಟಾಯ್ಲೆಟ್ ಆಸಿಡ್ ಸುರಿದು ಟ್ಯಾಂಕ್ ತೊಳೆಯೋಣ ಅಂತಾನೆ. ಲ್ಯಾಬ್ ವರದಿಯಲ್ಲಿ ಲೀಟರ್‌ಗೆ ಮ್ಯಾಂಗನೀಸ್ 0.8 ಮಿಲಿಗ್ರಾಂ, ಕಬ್ಬಿಣ 0.4 ಮಿಲಿಗ್ರಾಂ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7.1 ಅಂತ ಇದೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೂರು ತಿಂಗಳ ಕೂಸಿಗೆ ಎದೆಹಾಲು ಸಾಲದೆ ಡಬ್ಬಿ ಹಾಲಿನ ಪುಡಿ ಕಲಸಿ ಕೊಡುತ್ತಿದ್ದೇವೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಎರಡು ಮಾತು, ಉಳಿದದ್ದು ನಿಧಾನಕ್ಕೆ ಓದಿ. ಆಸಿಡ್ ಬಾಟಲಿ ಟ್ಯಾಂಕಿನ ಹತ್ತಿರವೂ ಬರಬಾರದು. ಕೂಸಿನ ಹಾಲಿನ ಪುಡಿಗೆ ಇವತ್ತಿನಿಂದಲೇ ಈ ನೀರು ಬೇಡ.

ನಿಮ್ಮ ಪತ್ರದಲ್ಲಿ ಕಾಣುವ ದೊಡ್ಡ ಭಯ, ಬ್ಲೀಚಿಂಗ್ ಪೌಡರ್ ಹಾಕಿ ನಾನೇ ನೀರು ಕೆಡಿಸಿಬಿಟ್ಟೆನಾ ಅನ್ನುವುದು. ಇಲ್ಲ, ನೀವೇನೂ ಕೆಡಿಸಿಲ್ಲ. ಆ ನೀರಿನಲ್ಲಿ ಮೊದಲಿನಿಂದಲೂ ಇದ್ದದ್ದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದಿರಿ, ಅಷ್ಟೇ. ಕನ್ನಡಿಯ ಹಾಗೆ ಬರುವ ನೀರಿನಲ್ಲೇ ಮ್ಯಾಂಗನೀಸ್ ಪೂರ್ತಿ ಕರಗಿ ಕೂತಿರುತ್ತದೆ. ಕಪ್ಪಾಗಿ ಟ್ಯಾಂಕಿನ ಗೋಡೆಗೆ ಅಂಟಿದ್ದು ನೀರಿನಿಂದ ಹೊರಗೆ ಬಂದ ಮ್ಯಾಂಗನೀಸ್. ಹಾಗಾಗಿ ಕಪ್ಪು ಕಂಡ ಕೂಡಲೇ ಹೆದರುವುದು, ತಿಳಿಯಾಗಿದ್ದರೆ ನಿಶ್ಚಿಂತೆಯಿಂದ ಕುಡಿಯುವುದು, ಎರಡೂ ತಪ್ಪು ಲೆಕ್ಕ.

ಪಿಯುಸಿ ವಿಜ್ಞಾನ ಓದಿದವರು ಮನೆಯಲ್ಲಿದ್ದರೆ ಕೇಳಿ ನೋಡಿ. ಲ್ಯಾಬಿನಲ್ಲಿ ಬ್ಯುರೆಟ್ ಅನ್ನುವ ಗಾಜಿನ ಕೊಳವೆ ತುಂಬ ನೇರಳೆ ದ್ರಾವಣ, ಬೆರಳಿಗೆ ದಿನಗಟ್ಟಲೆ ಹೋಗದ ಕಂದು ಕಲೆ ನೆನಪಿರುತ್ತದೆ. ಅದೂ ಮ್ಯಾಂಗನೀಸೇ. ಈ ಲೋಹಕ್ಕೆ ಹಲವು ವೇಷ. ಎಲೆಕ್ಟ್ರಾನ್ ಕಡಿಮೆ ಕಳೆದುಕೊಂಡಾಗ ನೀರಿನಲ್ಲಿ ಕರಗಿ, ಬಣ್ಣವೇ ಇಲ್ಲದ ಹಾಗೆ ಇರುತ್ತದೆ. ಇನ್ನೊಂದಿಷ್ಟು ಕಳೆದುಕೊಂಡರೆ ಮ್ಯಾಂಗನೀಸ್ ಡೈಆಕ್ಸೈಡ್, ನಿಮ್ಮ ಟ್ಯಾಂಕಿನ ಮಸಿ. ಇದು ನೀರಿನಲ್ಲಿ ಕರಗುವುದಿಲ್ಲ. ಇನ್ನೂ ಮುಂದೆ ಹೋದರೆ ಹಸಿರು, ಕಟ್ಟಕಡೆಗೆ ನಿಮ್ಮ ಭಾವ ತಂದ ನೇರಳೆ ಪರ್ಮ್ಯಾಂಗನೇಟ್. ನಿಮ್ಮ ವರದಿಯ ಅಂಕಿ ಕೂಡ ಇದೇ ಬಣ್ಣದಿಂದ ಬಂದಿರಬಹುದು. ಎಷ್ಟೋ ಲ್ಯಾಬುಗಳಲ್ಲಿ ನೀರಿನ ಬಣ್ಣವಿಲ್ಲದ ಮ್ಯಾಂಗನೀಸನ್ನು ರಾಸಾಯನಿಕ ಹಾಕಿ ಕಾಯಿಸಿ ನೇರಳೆ ಮಾಡುತ್ತಾರೆ. ಆ ನೇರಳೆ ಎಷ್ಟು ಗಾಢವಾಗಿದೆ ಅಂತ ಅಳೆದು ಲೆಕ್ಕ ಕೊಡುತ್ತಾರೆ.

ಭೂಮಿಯ ಆಳದಲ್ಲಿ ಗಾಳಿ ಇಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಕಲ್ಲಿನ ಕಪ್ಪು ಮ್ಯಾಂಗನೀಸಿಗೆ ಎಲೆಕ್ಟ್ರಾನ್ ದಾಟಿಸಿ ಅದನ್ನು ಕರಗುವ ರೂಪಕ್ಕೆ ತರುತ್ತವೆ. ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸ್ ಅದಿರು ಇರುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಗಣಿ ಶುರುವಾಗುವ ಮೊದಲೂ ಅದು ಅಲ್ಲೇ ಇತ್ತು. ನಿಮ್ಮ ಬೋರಿನ ಮ್ಯಾಂಗನೀಸು ಬರೀ ಕಲ್ಲಿನದೋ, ಗಣಿಯಿಂದ ಹರಿದು ಬಂದದ್ದೂ ಸೇರಿದೆಯೋ ಅಂತ ಒಂದೇ ವರದಿ ನೋಡಿ ಯಾರೂ ಹೇಳಲಾರರು.

ಪಂಪು ಆ ನೀರನ್ನು ಮೇಲೆತ್ತಿದಾಗ ಗಾಳಿ ತಗಲುತ್ತದೆ. ಕಬ್ಬಿಣ ಬೇಗ ಸೋಲುತ್ತದೆ, ನಿಮ್ಮ ಪಿಎಚ್‌ನಲ್ಲಿ ಸ್ವಲ್ಪ ಹೊತ್ತಿಗೇ ಕೆಂಪಗಾಗಿ ತಳ ಸೇರುತ್ತದೆ. ಮ್ಯಾಂಗನೀಸ್ ಮೊಂಡು. ಬರೀ ಗಾಳಿಗೆ ಅದು ಜಗ್ಗಬೇಕಾದರೆ ಪಿಎಚ್ 9ರ ಮೇಲಿರಬೇಕು. 7.1ರಲ್ಲಿ ದಿನಗಟ್ಟಲೆ ಹಾಗೇ ಕರಗಿಕೊಂಡು ಇರುತ್ತದೆ. ಕ್ಲೋರಿನ್ ಗಾಳಿಗಿಂತ ಬಲಶಾಲಿ. ರಾತ್ರಿ ಪೂರ್ತಿ ಸಮಯ ಸಿಕ್ಕಿತು, ಬೆಳಗ್ಗೆ ಟೀ ಬಣ್ಣ ಬಂತು.

ಮೊದಲ ಏಳೆಂಟು ತಿಂಗಳು ಯಾಕೆ ಏನೂ ಆಗಲಿಲ್ಲ ಅನ್ನುವುದು ನನಗೆ ಇಷ್ಟದ ಭಾಗ. ಪಿಯುಸಿ ಪ್ರಯೋಗದಲ್ಲಿ ಬಿಸಿ ಆಕ್ಸಾಲಿಕ್ ಆಸಿಡ್‌ಗೆ ಬಿದ್ದ ಮೊದಲ ನೇರಳೆ ಹನಿ ಬಣ್ಣ ಕಳೆದುಕೊಳ್ಳಲು ತುಂಬ ಹೊತ್ತು ತಗೊಳ್ಳುತ್ತದೆ. ನಾಲ್ಕೈದು ಹನಿ ಆದ ಮೇಲೆ ಬಿದ್ದಲ್ಲೇ ಮಾಯ. ಯಾಕಂದರೆ ಅಲ್ಲಿ ಹುಟ್ಟಿದ ಮ್ಯಾಂಗನೀಸೇ ಮುಂದಿನ ಹನಿಯ ಕೆಲಸವನ್ನು ಚುರುಕು ಮಾಡುತ್ತದೆ. ನಿಮ್ಮ ಟ್ಯಾಂಕಿನಲ್ಲಿ ದಾರಿ ಬೇರೆ, ಗುಣ ಅದೇ. ಹೊಸ ಪ್ಲಾಸ್ಟಿಕ್ ಗೋಡೆಯ ಮೇಲೆ ಅಂಟಲು ಮ್ಯಾಂಗನೀಸಿಗೆ ಹಿಡಿತ ಇರಲಿಲ್ಲ. ತೆಳ್ಳಗೆ ಒಂದು ಕಪ್ಪು ಪದರ ಬಿದ್ದದ್ದೇ ತಡ, ಅದು ಹೊಸ ಮ್ಯಾಂಗನೀಸನ್ನು ಸೆಳೆದು ಹಿಡಿದು, ಅಲ್ಲೇ ಕಪ್ಪು ಮಾಡತೊಡಗಿತು. ಮೊಸರಿಗೆ ಹೆಪ್ಪು ಬಿದ್ದ ಹಾಗೆ ಅಂದುಕೊಳ್ಳಿ. ಗೀಸರ್‌ನಲ್ಲಿ ಬಿಸಿಯೂ ಸೇರಿ ಇನ್ನೂ ಬೇಗ.

ಎಷ್ಟು ಕಪ್ಪು ಅಂತ ಲೆಕ್ಕ ಹಾಕೋಣ. ದಿನಕ್ಕೆ 1000 ಲೀಟರ್ ಬಳಸಿದರೆ 0.8 ಗ್ರಾಂ ಮ್ಯಾಂಗನೀಸ್ ಮನೆಯೊಳಗೆ ಬರುತ್ತದೆ. ಅದೆಲ್ಲ ಡೈಆಕ್ಸೈಡ್ ಆದರೆ ವರ್ಷಕ್ಕೆ ಸುಮಾರು 460 ಗ್ರಾಂ. ಅರ್ಧ ಕಿಲೋ ಮಸಿ! ಅದರಲ್ಲಿ ಒಂದಿಷ್ಟು ಟ್ಯಾಂಕಿಗೆ, ಒಂದಿಷ್ಟು ಪೈಪಿಗೆ, ಒಂದಿಷ್ಟು ಯೂನಿಫಾರಂಗೆ.

ಇನ್ನು ಪಕ್ಕದ ಮನೆಯವರ ಮಾತು. ನಿಮ್ಮ ನೀರಿನಲ್ಲಿ ಕಬ್ಬಿಣವೂ ಇದೆ, ಸುಳ್ಳಲ್ಲ. ಆದರೆ ಕಪ್ಪು ಅದರದ್ದಲ್ಲ. ಅನುಮಾನ ಇದ್ದರೆ ಹೀಗೆ ಮಾಡಿ. ಮೆಡಿಕಲ್ ಶಾಪಿನಿಂದ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಟ್ಯಾಂಕಿನ ಕಪ್ಪನ್ನು ಹಳೆಯ ಬ್ರಶ್‌ನಲ್ಲಿ ಕೆರೆದು ಒಂದು ತಟ್ಟೆಗೆ ಹಾಕಿ, ಮೇಲೆ ಎರಡು ಹನಿ ಬಿಡಿ. ಮ್ಯಾಂಗನೀಸ್ ಆಗಿದ್ದರೆ ಸೋಡಾ ಬಾಟಲಿ ತೆರೆದ ಹಾಗೆ ಬುರುಬುರು ನೊರೆ ಏಳುತ್ತದೆ. ಬರೀ ಕಬ್ಬಿಣದ ತುಕ್ಕು ಹಾಗೆ ಅಬ್ಬರಿಸುವುದಿಲ್ಲ. ಈಗ ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ನೋಡನೋಡುತ್ತಿದ್ದಂತೆ ಕಪ್ಪು ಕರಗಿ ತಟ್ಟೆ ಬೆಳ್ಳಗಾಗುತ್ತದೆ. ಮ್ಯಾಂಗನೀಸ್ ಎಲ್ಲೂ ಹೋಗಿಲ್ಲ, ಮತ್ತೆ ಬಣ್ಣವಿಲ್ಲದ ರೂಪಕ್ಕೆ ಬಂದು ಆ ರಸದಲ್ಲೇ ಇದೆ. ತಿಳಿಯಾಗಿದೆ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ ಅಂದೆನಲ್ಲ, ಅದು ಇದೇ. ತಟ್ಟೆಯನ್ನು ಚೆನ್ನಾಗಿ ತೊಳೆದುಬಿಡಿ.

ರಕ್ತ ಹೆಚ್ಚುವ ಮಾತಂತೂ ಉಲ್ಟಾ ಹೊಡೆಯುತ್ತದೆ. ಕರುಳಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಒಳಗೆ ಹೋಗುವ ಬಾಗಿಲು ಹೆಚ್ಚುಕಡಿಮೆ ಒಂದೇ. ಮೈಯಲ್ಲಿ ಕಬ್ಬಿಣ ಕಮ್ಮಿ ಇದ್ದರೆ ದೇಹ ಆ ಬಾಗಿಲನ್ನು ಅಗಲ ತೆರೆಯುತ್ತದೆ, ಮ್ಯಾಂಗನೀಸೂ ಜಾಸ್ತಿ ನುಗ್ಗುತ್ತದೆ. ಹಾಗಾಗಿ ರಕ್ತಹೀನತೆ ಇರುವವರು ಈ ನೀರನ್ನು ಔಷಧಿ ಅಂತ ಕುಡಿಯುವುದು ಬೇಡ. ಬಾಣಂತಿಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ಬೇರೆ, ಅದನ್ನು ನಿಲ್ಲಿಸಬೇಡಿ.

ಹಾಗಾದರೆ ಇದು ವಿಷವಾ? ದೊಡ್ಡವರ ಮಟ್ಟಿಗೆ ಗಾಬರಿ ಬೇಡ. ಮ್ಯಾಂಗನೀಸ್ ನಮಗೆ ಬೇಕಾದ ಧಾತುವೇ. ರಾಗಿ, ಸೊಪ್ಪು, ಟೀ ಎಲ್ಲದರಲ್ಲೂ ಇದೆ. ಅಮೆರಿಕದ ಪೌಷ್ಟಿಕಾಂಶ ಮಾರ್ಗಸೂಚಿಯಲ್ಲಿ ಗಂಡಸರಿಗೆ ದಿನಕ್ಕೆ 2.3 ಮಿಲಿಗ್ರಾಂ, ಹೆಂಗಸರಿಗೆ 1.8 ಮಿಲಿಗ್ರಾಂ ಸಾಕು ಅಂತಿದೆ. ಮೀರಬಾರದ ಮಿತಿ 11. ನಿಮ್ಮ ನೀರು ಎರಡು ಲೀಟರ್ ಕುಡಿದರೆ 1.6 ಮಿಲಿಗ್ರಾಂ. ಲಿವರ್ ಸರಿ ಇದ್ದರೆ ಹೆಚ್ಚಾದದ್ದನ್ನು ಪಿತ್ತರಸದ ಮೂಲಕ ಹೊರಗೆ ಹಾಕುತ್ತದೆ. ಹಾಗಂತ ವರ್ಷಗಟ್ಟಲೆ ಕುಡಿಯಬಹುದು ಅಂತಲ್ಲ. ನಮ್ಮ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ದರೆ 0.3ರವರೆಗೆ ಅಂತಿದೆ. ನಿಮ್ಮದು ಅದನ್ನೂ ದಾಟಿದೆ.

ಮ್ಯಾಂಗನೀಸಿನಿಂದ ನರರೋಗ ಬರುತ್ತದೆ ಅಂತ ಮೊಬೈಲಿನಲ್ಲಿ ಓದಿರಬಹುದು. ಅದು ನಿಜ, ಆದರೆ ಅದರ ಕಥೆ ಹೆಚ್ಚಾಗಿ ಧೂಳಿನದ್ದು. 1837ರಲ್ಲಿ ಗ್ಲಾಸ್ಗೋದ ವೈದ್ಯ ಜಾನ್ ಕೂಪರ್ ಮೊದಲ ಬಾರಿ ಅದನ್ನು ಬರೆದಿಟ್ಟರು. ಕಪ್ಪು ಮ್ಯಾಂಗನೀಸ್ ಪುಡಿ ಅರೆಯುತ್ತಿದ್ದ ಕೂಲಿಗಳಿಗೆ ಕಾಲಲ್ಲಿ ಶಕ್ತಿ ಉಡುಗಿತ್ತು, ನಡಿಗೆ ತತ್ತರಿಸುತ್ತಿತ್ತು, ದನಿ ಕುಗ್ಗಿತ್ತು. ಆ ಪುಡಿ ಯಾಕೆ ಅರೆಯುತ್ತಿದ್ದರು ಗೊತ್ತಾ? ಬ್ಲೀಚಿಂಗ್ ಪೌಡರ್ ಮಾಡಲು ಬೇಕಾದ ಕ್ಲೋರಿನ್‌ಗೆ! ಉಸಿರಿನ ಮೂಲಕ ಹೋದ ಧೂಳಿಗೆ ಲಿವರಿನ ತಡೆ ಇಲ್ಲ, ಅದೇ ವ್ಯತ್ಯಾಸ. ಮನೆಯಲ್ಲಿ ಗಣಿ ಕೆಲಸಕ್ಕೋ ವೆಲ್ಡಿಂಗಿಗೋ ಹೋಗುವವರಿದ್ದರೆ ನೀರಿಗಿಂತ ಅವರ ಮಾಸ್ಕಿನ ಬಗ್ಗೆ ಮೊದಲು ಯೋಚಿಸಿ.

ಕೂಸಿನ ವಿಷಯ ಹಾಗಲ್ಲ. ಎಳೆ ಮಗುವಿನ ಲಿವರ್ ಮ್ಯಾಂಗನೀಸನ್ನು ಹೊರಗೆ ಹಾಕುವುದನ್ನು ಇನ್ನೂ ಸರಿಯಾಗಿ ಕಲಿತಿರುವುದಿಲ್ಲ. ಎದೆಹಾಲಿನಲ್ಲಿ ಮ್ಯಾಂಗನೀಸ್ ತುಂಬ ಕಮ್ಮಿ. ಆರು ತಿಂಗಳೊಳಗಿನ ಮಗುವಿಗೆ ದಿನಕ್ಕೆ 0.003 ಮಿಲಿಗ್ರಾಂ ಸಾಕು ಅಂತ ಲೆಕ್ಕ. ನಿಮ್ಮ ನೀರು 700 ಮಿಲಿ ಸೇರಿದರೆ 0.56 ಮಿಲಿಗ್ರಾಂ, ಅಂದರೆ ನೂರೆಂಬತ್ತು ಪಟ್ಟಿಗೂ ಹೆಚ್ಚು. ಡಬ್ಬಿ ಹಾಲಿನ ಪುಡಿಯಲ್ಲೂ ತನ್ನದೇ ಒಂದಿಷ್ಟು ಇರುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ, ಬಾಂಗ್ಲಾದೇಶದಲ್ಲಿ ನಡೆದ ಅಧ್ಯಯನಗಳಲ್ಲಿ ಹೆಚ್ಚು ಮ್ಯಾಂಗನೀಸ್ ಇರುವ ನೀರು ಕುಡಿಯುವ ಶಾಲಾ ಮಕ್ಕಳ ಬುದ್ಧಿ ಪರೀಕ್ಷೆಯ ಅಂಕ ಕಮ್ಮಿ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಲೀಟರಿಗೆ 0.08 ಮಿಲಿಗ್ರಾಂ ಅನ್ನುವ ತಾತ್ಕಾಲಿಕ ಮಿತಿ ಇಟ್ಟಾಗ ಬಾಟಲಿ ಹಾಲಿನ ಕೂಸುಗಳೇ ಅದರ ಕಣ್ಣ ಮುಂದಿದ್ದದ್ದು. ಕಳೆದ ದಿನಗಳ ಬಗ್ಗೆ ಕೊರಗಬೇಡಿ, ಮಗುವಿನ ಡಾಕ್ಟರಿಗೆ ಈ ವರದಿ ಒಮ್ಮೆ ತೋರಿಸಿ. ಈಗ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತಂದು, ಕುದಿಸಿ ಆರಿಸಿ ಬಳಸಿ. ಘಟಕದ ನೀರಿನಲ್ಲೂ ಒಮ್ಮೆ ಮ್ಯಾಂಗನೀಸ್ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಬೋರ್ ನೀರನ್ನೇ ಕುದಿಸಿದರೆ ಸಾಲದು. ರೋಗಾಣು ಸಾಯುತ್ತವೆ, ಲೋಹ ಆವಿಯಾಗಿ ಹೋಗುವುದಿಲ್ಲ.

ಭಾವ ತಂದ ಹರಳನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ ಕಾಲರಾ ಬಂದ ಊರುಗಳ ಬಾವಿಗಳಿಗೆ ಇದನ್ನೇ ಹಾಕಿಸಿದ್ದರು. ಹಳಬರ ನೆನಪು ಅಲ್ಲಿಂದ ಬಂದಿರಬಹುದು. ನೀರಿನ ಮ್ಯಾಂಗನೀಸ್ ತೆಗೆಯಲು ದೊಡ್ಡ ಘಟಕಗಳಲ್ಲಿ ಇವತ್ತಿಗೂ ಪರ್ಮ್ಯಾಂಗನೇಟ್ ಬಳಸುತ್ತಾರೆ. ಕರಗಿದ ಮ್ಯಾಂಗನೀಸು, ನೇರಳೆ ಮ್ಯಾಂಗನೀಸು ಎರಡೂ ಸೇರಿ ನಡುವೆ ಭೇಟಿಯಾಗಿ, ಎರಡೂ ಕಪ್ಪು ಡೈಆಕ್ಸೈಡ್ ಆಗುತ್ತವೆ. ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ತೊಂದರೆ ಇರುವುದು ‘ಗುಲಾಬಿ ಆಗುವವರೆಗೆ’ ಅನ್ನುವ ಮಾತಿನಲ್ಲಿ. ಒಂದು ಮಿಲಿಗ್ರಾಂ ಮ್ಯಾಂಗನೀಸಿಗೆ 1.92 ಮಿಲಿಗ್ರಾಂ ಹರಳು ಬೇಕು, ಕಬ್ಬಿಣಕ್ಕೆ 0.94. ನಿಮ್ಮ 1000 ಲೀಟರಿಗೆ ಎರಡೂ ಸೇರಿ ಎರಡು ಗ್ರಾಂಗಿಂತ ಕಮ್ಮಿ. ಕಾಲು ಟೀ ಚಮಚದ ಆಸುಪಾಸು. ಗುಲಾಬಿ ಉಳಿಯಿತು ಅಂದರೆ ಆಗಲೇ ಜಾಸ್ತಿ ಆಗಿದೆ. ಆ ಬಣ್ಣವೇ ಮ್ಯಾಂಗನೀಸ್, ಹರಳಿನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದೇ. ಮುಂದೆ ಸೋಸುವ ಫಿಲ್ಟರ್ ಇಲ್ಲದೆ ಇದನ್ನು ಹಾಕಿದರೆ ಮ್ಯಾಂಗನೀಸ್ ತೆಗೆಯಲು ಮ್ಯಾಂಗನೀಸ್ ಸುರಿದ ಹಾಗಾಯಿತು. ದಿನಾ ತೂಕ ಮಾಡಿ ಹಾಕುವ ಶಿಸ್ತು ಮನೆಗಳಲ್ಲಿ ನಡೆಯುವುದನ್ನು ನಾನು ನೋಡಿಲ್ಲ. ಮನೆಯಲ್ಲಿ ಇಟ್ಟುಕೊಂಡರೂ ಗ್ಲಿಸರಿನ್ ಬಾಟಲಿಯ ಪಕ್ಕ ಇಡಬೇಡಿ, ಎರಡೂ ಸೇರಿದರೆ ಸ್ವಲ್ಪ ಹೊತ್ತಿಗೆ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಮಕ್ಕಳು ಹರಳು ಬಾಯಿಗೆ ಹಾಕಿಕೊಂಡರೆ ಬಾಯಿ, ಗಂಟಲು ಸುಡುತ್ತದೆ.

ಪ್ಲಂಬರ್ ಹೇಳಿದ್ದು ಇದಕ್ಕಿಂತ ಅಪಾಯ. ಟಾಯ್ಲೆಟ್ ಆಸಿಡ್ ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. 1774ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ ಇದೇ ಆಸಿಡ್ಡನ್ನು ಇದೇ ಕಪ್ಪು ಡೈಆಕ್ಸೈಡ್ ಜೊತೆ ಬಿಸಿ ಮಾಡಿದಾಗ ಹಳದಿ-ಹಸಿರು ಅನಿಲ ಬಂತು. ಕ್ಲೋರಿನ್ ಸಿಕ್ಕಿದ್ದೇ ಹಾಗೆ. ನಿಮ್ಮ ಟ್ಯಾಂಕಿನಲ್ಲಿ ಮಸಿಯ ಜೊತೆಗೆ ಬ್ಲೀಚಿಂಗ್ ಪೌಡರ್ ಕೂಡ ಉಳಿದಿರಬಹುದು. ಅದಕ್ಕೆ ಆಸಿಡ್ ಬಿದ್ದರೆ ಬಿಸಿ ಕೂಡ ಬೇಕಿಲ್ಲ, ಕೂಡಲೇ ಕ್ಲೋರಿನ್ ಏಳುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ತಲೆ ಹಾಕಿದವನ ಗತಿ ಏನು? ಒಂದು ಸಂಪಿನಲ್ಲಿ ಹೀಗೆ ಮಾಡಿದ ಹುಡುಗನನ್ನು ಮೇಲೆತ್ತುವಾಗ ನಾನು ಅಲ್ಲೇ ಇದ್ದೆ. ಬದುಕಿದ, ಆದರೆ ಎರಡು ದಿನ ಕೆಮ್ಮಿ ಕೆಮ್ಮಿ ಆಸ್ಪತ್ರೆಯಲ್ಲಿದ್ದ. ಟ್ಯಾಂಕಿನ ಮಸಿ ಮೆತ್ತಗೇ ಇರುತ್ತದೆ. ನೀರು ಖಾಲಿ ಮಾಡಿ, ಉದ್ದ ಹಿಡಿಯ ಬ್ರಶ್‌ನಿಂದ ಉಜ್ಜಿ, ಕೆಳಗಿನ ಡ್ರೈನ್ ತೆಗೆದು ತೊಳೆದರೆ ಸಾಕು.

ಇನ್ನು ಶಾಶ್ವತ ಪರಿಹಾರ. ಈ ಮ್ಯಾಂಗನೀಸ್ ಹೇಗಿದ್ದರೂ ಕಪ್ಪಾಗುತ್ತದೆ. ನಿಮ್ಮ ಬಟ್ಟೆಯ ಮೇಲೆ ಆಗುವ ಬದಲು ನಾವು ಹೇಳಿದ ಜಾಗದಲ್ಲಿ ಆಗಲಿ. ನಿಮ್ಮ ಮನೆಗೆ ನಾನು ಹೇಳುವುದು ಇದು: ಬೋರ್ ನೀರು ಮೊದಲು ಕೆಳಗಿನ ಸಂಪಿಗೆ ಬೀಳಲಿ. ಅಲ್ಲಿ ಲೆಕ್ಕದ ಕ್ಲೋರಿನ್. 1000 ಲೀಟರಿಗೆ ಮ್ಯಾಂಗನೀಸು ಕಬ್ಬಿಣ ಎರಡಕ್ಕೂ ಸೇರಿ ಸುಮಾರು 1.3 ಗ್ರಾಂ ಕ್ಲೋರಿನ್, ಅಂದರೆ ಹೊಸ ಬ್ಲೀಚಿಂಗ್ ಪೌಡರ್ ನಾಲ್ಕೂವರೆ ಗ್ರಾಂ, ಕೊನೆಗೆ ತುಸು ಕ್ಲೋರಿನ್ ಉಳಿಯಲು ಇನ್ನೊಂದು ಚೂರು. ಹಳೆಯ ಪುಡಿಯಲ್ಲಿ ಶಕ್ತಿ ಕಮ್ಮಿ ಇರುತ್ತದೆ. ರಾತ್ರಿ ಬಿಟ್ಟು, ಮರಳಿನ ಫಿಲ್ಟರ್ ಮೂಲಕ ಮೇಲಿನ ಟ್ಯಾಂಕಿಗೆ ಏರಿಸಿ. ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ಹರಳು ತುಂಬಿದ ಫಿಲ್ಟರ್ ಸಿಗುತ್ತದೆ, ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ, ದುಬಾರಿ. ಸಾದಾ ಮರಳಾದರೆ ಕೆಲವು ವಾರ ಕಾಯಬೇಕು. ಮರಳಿನ ಕಣಗಳಿಗೆ ಕಪ್ಪು ಲೇಪ ಹತ್ತಿದ ಮೇಲೆ ಅದೇ ಹೆಪ್ಪಿನ ಕೆಲಸ ಮಾಡತೊಡಗುತ್ತದೆ.

ಒಂದು ಹಾಸ್ಟೆಲಿನಲ್ಲಿ ಹೀಗೆ ಮಾಡಿಸಿದ್ದೆವು, ಚೆನ್ನಾಗಿ ನಡೆದಿತ್ತು. ಆರು ತಿಂಗಳಾದ ಮೇಲೆ ನೋಡಿಕೊಳ್ಳುವವನು ಮುಚ್ಚಳ ತೆಗೆದು, ಅಯ್ಯೋ ಮರಳೆಲ್ಲ ಕರ್ರಗಾಗಿದೆ ಅಂತ ಪೂರ್ತಿ ಎಸೆದು ಹೊಸ ಮರಳು ತುಂಬಿಸಿದ. ಮರುದಿನವೇ ನಲ್ಲಿಯಲ್ಲಿ ಮ್ಯಾಂಗನೀಸ್ ಹಾಜರ್! ಅವನನ್ನು ಬೈಯಲೂ ಆಗಲಿಲ್ಲ, ಹೇಳದೇ ಇದ್ದದ್ದು ನಾವೇ. ಮರಳನ್ನು ಎಸೆಯಬಾರದು, ವಾರಕ್ಕೊಮ್ಮೆ ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸವಾಗಿ ಹಾಯಿಸಿ ಬ್ಯಾಕ್‌ವಾಶ್ ಮಾಡಬೇಕು. ನಿಮ್ಮ ಪಂಪಿಗೆ ಅಷ್ಟು ಒತ್ತಡ ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕೊಳ್ಳುವ ಮೊದಲೇ ಇದನ್ನು ಕೇಳಿ. ಆ ಕಪ್ಪು ನೀರು ತೆಂಗಿನ ಬುಡಕ್ಕೆ ಹೋಗಲಿ, ಹಳೆಯ ಬಾವಿಗೆ ಬೇಡ.

ಅಡುಗೆಮನೆಗೆ ಆರ್‌ಒ ಹಾಕಿಸಿದರೆ ಮ್ಯಾಂಗನೀಸ್ ಹೋಗುತ್ತದೆ. ಆದರೆ ನೇರ ಬೋರ್ ನೀರಿಗೆ ಹಾಕಿದರೆ ಅದರೊಳಗಿನ ಸೋಸುವ ಪೊರೆಯೇ ಮಸಿ ಹಿಡಿದು ಬೇಗ ಹಾಳಾಗುತ್ತದೆ. ಕ್ಲೋರಿನ್ ಉಳಿದ ನೀರು ಹೋದರೂ ಪೊರೆ ಕೆಡುತ್ತದೆ, ಹಾಗಾಗಿ ನಡುವೆ ಕಾರ್ಬನ್ ಫಿಲ್ಟರ್ ಬೇಕೇ ಬೇಕು. ಯುವಿ ಮಾತ್ರ ಇರುವ ಯಂತ್ರದಿಂದ, ಕ್ಯಾಂಡಲ್ ಫಿಲ್ಟರಿನಿಂದ ಕರಗಿದ ಮ್ಯಾಂಗನೀಸ್ ಹೋಗುವುದಿಲ್ಲ. ಮಾರುವವರು ಬೇರೆ ಹೇಳಿದರೆ ಬರೆದುಕೊಡಿ ಅನ್ನಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಒಂದಿಷ್ಟು ಹಿಡಿಯುತ್ತದೆ, ಆದರೆ ಗಾಳಿ ತಗಲಿ ಕಪ್ಪಾದರೆ ಅದರ ರಾಳ ಕಟ್ಟಿಕೊಳ್ಳುತ್ತದೆ. ಮಾಳಿಗೆ ದೊಡ್ಡದಿದ್ದರೆ ಕುಡಿಯಲು ಮಳೆನೀರು ಹಿಡಿದಿಡುವುದೂ ಒಂದು ದಾರಿ.

ಫಿಲ್ಟರ್ ಆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಬೋರಿನ ಬಾಯಲ್ಲಿ ಒಂದು ಬಾಟಲಿ, ಫಿಲ್ಟರ್ ದಾಟಿದ ಮೇಲೆ ಒಂದು. ಬೋರಿನ ಬಾಟಲಿಯಲ್ಲಿ ಮ್ಯಾಂಗನೀಸ್ ಗೋಡೆಗೆ ಅಂಟದ ಹಾಗೆ ಲ್ಯಾಬಿನವರೇ ತುಸು ಆಸಿಡ್ ಹಾಕಿದ ಬಾಟಲಿ ಕೊಡುತ್ತಾರೆ, ಕೇಳಿ ತಗೊಳ್ಳಿ. ಅದನ್ನು ತೊಳೆದು ತುಂಬಬೇಡಿ. ಜಿಲ್ಲಾ ಮಟ್ಟದ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಮೊಮ್ಮಕ್ಕಳ ಯೂನಿಫಾರಂ ಮರೆತಿಲ್ಲ. ಬ್ಲೀಚ್ ಹಾಕಿದರೆ ಕಲೆ ಇನ್ನೂ ಗಟ್ಟಿಯಾಗುತ್ತದೆ, ಕಾರಣ ಈಗ ನಿಮಗೇ ಗೊತ್ತು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಎರಡು ಚಮಚ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ಕಲೆಯ ಜಾಗ ಅದ್ದಿಡಿ. ಮೊದಲು ಒಳಮಡಿಕೆಯ ಮೂಲೆಯಲ್ಲಿ ನೋಡಿ. ಬಣ್ಣದ ಬಟ್ಟೆಗೆ ಬೇಡ. ಹತ್ತು ನಿಮಿಷದಲ್ಲಿ ಕಲೆ ಬಿಡುತ್ತದೆ. ಆಮೇಲೆ ಎರಡು ಸಲ ಜಾಲಿಸಿ. ಫಿಲ್ಟರ್ ಬರುವ ತನಕ ಜಾಲಿಸುವ ನೀರು ಮಾತ್ರ ಕ್ಯಾನಿನದ್ದಾಗಿರಲಿ.